ಖಾಲಿ ಕೈಲೆ ಬಸುರೀನ ಮುಟ್ಟಬಾರದು

ಮೆಣಸಿನಕಾಯಿಯ ತೊಟ್ಟು ಬಿಡಿಸಿದ ಕೈ ರಾತ್ರಿ ಊಟದ ಹೊತ್ತಿಗೂ ಉರಿಯುತ್ತಿರುತ್ತದೆ. ಆ ಕೈಯಿಂದ ಕಣ್ಣು ಒರೆಸಿಕೊಳ್ಳುವ ಹಾಗಿಲ್ಲ, ಕೂಸಿನ ಕೆನ್ನೆ ಮುಟ್ಟುವ ಹಾಗಿಲ್ಲ. ಬ್ಯಾಡಗಿಯಲ್ಲಿ ನಮ್ಮಂಥವರು ಅಳಬೇಕೆಂದರೆ ಮೊದಲು ಕೈಗೆ ಎಣ್ಣೆ ಹಚ್ಚಿ, ತೊಳೆದುಕೊಂಡು ಬಂದು ಆಮೇಲೆ ಅಳಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಅದಕ್ಕೇ ನಮ್ಮ ಗೋದಾಮಿನಲ್ಲಿ ನಗುವವರೇ ಹೆಚ್ಚು.

ಮಹೇಶ್ವರಿ ನನ್ನ ಅಕ್ಕನ ಮಗಳು. ತಾಯಿ ಇಲ್ಲದ ಹುಡುಗಿ, ನನ್ನನ್ನೇ ಚಿಗವ್ವಾ ಎಂದು ಹಚ್ಚಿಕೊಂಡವಳು. ನನ್ನ ಪಕ್ಕದಲ್ಲೇ ಕೂತು ತೊಟ್ಟು ಬಿಡಿಸುತ್ತಾಳೆ. ಎಂಟು ತಿಂಗಳು ತುಂಬಿದರೂ ಬರುವುದು ಬಿಟ್ಟಿರಲಿಲ್ಲ. ಹೊಟ್ಟೆ ತೊಡೆಯ ಮೇಲೆ ಕೂತು, ಮೆಣಸಿನಕಾಯಿಯ ರಾಶಿಗೆ ಕೈ ನಿಲುಕದೆ, ಪಕ್ಕಕ್ಕೆ ಹೊರಳಿ ಹೊರಳಿ ಎಳೆದುಕೊಳ್ಳುತ್ತಿದ್ದಳು. ಘಾಟಿಗೆ ಕೆಮ್ಮಿದರೆ ಹೊಟ್ಟೆಯೊಳಗಿನ ಕೂಸೂ ಅಲುಗುತ್ತಿತ್ತು. ಗೋದಾಮಿನ ಮಾಲೀಕರು ನೋಡಿಕೊಂಡು ಹೋಗುತ್ತ, "ಕುಂತು ಮಾಡೋ ಕೆಲಸ ಬಿಡು, ಬಸುರಿಗೆ ಏನ್ ತ್ರಾಸು?" ಎಂದರು. ಅವರು ಕೂಡ ಕುಂತೇ ಕೆಲಸ ಮಾಡುವವರು. ಅವರ ಹೊಟ್ಟೆಯೂ ಮಹೇಶ್ವರಿಯದಕ್ಕಿಂತ ಏನೂ ಕಡಿಮೆ ಇರಲಿಲ್ಲ.

ಒಂದು ದಿನ ಅವಳ ಕಾಲು ಊದಿಕೊಂಡು ಚಪ್ಪಲಿ ಏರಲಿಲ್ಲ. ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು. ನಮ್ಮ ಓಣಿಯ ಆಸ್ಪತ್ರೆಯ ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ನೋಡಿ ಮುಖ ಸಣ್ಣದು ಮಾಡಿದಳು.

"ಬೀಪಿ ಏರೇತಿ. ದೊಡ್ಡ ಆಸ್ಪತ್ರಿಗೆ ಹೋಗಿ ಮಲಗ್ರಿ. ಹೆರಿಗಿ ಅಲ್ಲೇ ಆಗಬೇಕು."

"ಯಾವ ಆಸ್ಪತ್ರಿಗೆ?" ಎಂದಳು ಮಹೇಶ್ವರಿ.

"ಹೆದ್ದಾರಿ ಮ್ಯಾಲಿನ ಕಾಲೇಜು ಆಸ್ಪತ್ರಿ ಐತಲ್ಲ. ಪುಕ್ಕಟೆ ನೋಡ್ತಾರ. ಅವರ ವ್ಯಾನೇ ಬರ್ತೈತಿ."

ಮಹೇಶ್ವರಿ ಅಲ್ಲಿಂದ ಎದ್ದು ಸೀದಾ ಮನೆಗೆ ನಡೆದಳು. ಗಂಡ ಸೋಮಣ್ಣ ಲಗೇಜ್ ಆಟೋ ನಿಲ್ಲಿಸಿ ಕೇಳಿದರೂ ನಿಲ್ಲಲಿಲ್ಲ. ನಾನು ಬೆನ್ನ ಹಿಂದೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ಆಮೇಲೆ ಬಾಯಿ ಬಿಟ್ಟಳು.

ಮೊದಲ ಹೆರಿಗೆ ಅದೇ ಆಸ್ಪತ್ರೆಯಲ್ಲಿ ಆಗಿತ್ತು. ಆಗ ಜೊತೆಗಿದ್ದವರನ್ನು ಹೊರಗೆ ಕಳಿಸಿದ್ದರು. ಬೇನೆ ತಿನ್ನುತ್ತಿದ್ದವಳ ಮುಂದೆ ಬಿಳಿ ಕೋಟಿನ ಹುಡುಗರು, ಹುಡುಗಿಯರು ಪಾಳಿ ಹಚ್ಚಿದ್ದರು. ಒಬ್ಬರಾದ ಮೇಲೆ ಒಬ್ಬರು ಒಳಗೆ ಕೈ ಹಾಕಿ ನೋಡಿದರು. ಯಾರೂ ಕೇಳಲಿಲ್ಲ. ಹೆಸರೂ ಕೇಳಲಿಲ್ಲ. ಕಾಲು ಮಡಚಿದರೆ, "ಸಡಿಲ ಬಿಡು, ಅವ್ರು ಕಲೀಬೇಕು" ಎಂದು ಬೈದರು.

"ಚಿಗವ್ವಾ, ಬೇನಿ ಮರತೇನಿ. ಆ ಪಾಳಿ ಮರತಿಲ್ಲ. ನಾನ್ ಮನ್ಯಾಗ ಹಡೀತೇನಿ. ಆಗೋದಾಗಲಿ."

ಬೀಪಿ ಏರಿದ ಹುಡುಗಿ ಮನೆಯಲ್ಲಿ ಹಡೆದರೆ ಏನಾಗುತ್ತದೆಂದು ನಮ್ಮ ಓಣಿ ಒಮ್ಮೆ ನೋಡಿದೆ. ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ.

"ಹೋಗೂಣು," ಎಂದೆ. "ಈ ಸಲ ನಾ ಬಾಜೂಕ ಇರ್ತೇನಿ. ನಿನ್ನ ಕೇಳದ ಯಾರೂ ಮುಟ್ಟಂಗಿಲ್ಲ."

"ಅವರು ಕೇಳ್ತಾರೇನು? ಓದಿದವರು."

"ಕೇಳಂಗ ಮಾಡೂಣು."

ಹೇಗೆ ಎಂದು ನನಗೂ ಗೊತ್ತಿರಲಿಲ್ಲ. ಆದರೆ ಸಂತೆಗೆ ಸಾಮಾನು ಹೇರುವ ಮೊದಲೇ ಗಿರಾಕಿ ಎಲ್ಲಿ ಎಂದು ಹುಡುಕಿದರೆ ಯಾವ ವ್ಯಾಪಾರವೂ ಆಗುವುದಿಲ್ಲ.

ಮೂರು ವರ್ಷದ ದೊಡ್ಡ ಕೂಸನ್ನು ನೆರೆಯವರ ಹತ್ತಿರ ಬಿಟ್ಟು ಇಬ್ಬರೂ ಆಸ್ಪತ್ರೆಯ ವ್ಯಾನು ಹತ್ತಿದೆವು. ವ್ಯಾನು ಓಡಿಸುವ ಜಟ್ಟೆಪ್ಪ ಮಾತಿನ ಮನುಷ್ಯ. ಕದರಮಂಡಲಗಿಯಲ್ಲಿ ಇಬ್ಬರು ಬಸುರಿಯರನ್ನು ಹತ್ತಿಸಿಕೊಂಡ. ಮೋಟೆಬೆನ್ನೂರಿನಲ್ಲಿ ಇನ್ನೊಬ್ಬಳನ್ನು. ದಾರಿಯುದ್ದಕ್ಕೂ ಉಪಚಾರ.

"ಆರಾಮ ಕುಂದ್ರಿ ಯವ್ವಾ. ಉಬ್ಬು ಬಂದರ ನಿಧಾನ ದಾಟಸ್ತೇನಿ. ನೀವ್ ನಮ್ಮ ಆಸ್ಪತ್ರಿ ದೇವರು."

"ಯಾಕಪಾ ಇಷ್ಟ ಭಕ್ತಿ?" ಎಂದೆ.

"ಈ ವಾರದಾಗ ಮ್ಯಾಲಿನವರು ತಪಾಸಣಿಗೆ ಬರ್ತಾರಬೇ. ಹಾಸಿಗಿ ಖಾಲಿ ಕಂಡರ ಕಾಲೇಜಿಗೆ ಕುತ್ತು. ಪೇಷಂಟ್ ಇಲ್ಲಂದ್ರ ಹುಡುಗರು ಏನ್ ನೋಡಿ ಕಲೀಬೇಕು? ಲಗೂ ತುಂಬಸು ಜಟ್ಟೆಪ್ಪ, ಲಗೂ ತುಂಬಸು ಅಂತ ನನ್ನ ಜೀವಾ ತಿಂತಾರ."

ನಾನು ಕಿಟಕಿಯ ಹೊರಗೆ ನೋಡಿದೆ. ನಮ್ಮನ್ನು ಧರ್ಮಕ್ಕೆ ಒಯ್ಯುತ್ತಾರೆ ಎಂದುಕೊಂಡಿದ್ದೆ. ಧರ್ಮ ಮಾಡುತ್ತಿದ್ದವರು ನಾವೇ.

*

ಹೆರಿಗೆ ವಾರ್ಡು ಉದ್ದವಾಗಿತ್ತು, ಸ್ವಚ್ಛವಾಗಿಯೂ ಇತ್ತು. ಹಾಸಿಗೆ ಹಾಸಿಗೆಯ ಸುತ್ತ ಪರದೆ ಕಟ್ಟುವ ಕಂಬಿ ಇತ್ತು, ಪರದೆ ಮಾತ್ರ ಇರಲಿಲ್ಲ. ಪಕ್ಕದ ಹಾಸಿಗೆಯವಳು ಹಲಗೇರಿಯ ಜರೀನಾ. ಮೂರು ಹಡೆದು ನಾಲ್ಕನೆಯದಕ್ಕೆ ಬಂದಿದ್ದಳು. ನಾವು ಬಂದ ಹೊತ್ತಿಗೇ ಪರಿಚಯ ಮಾಡಿಕೊಂಡಳು.

"ಕಂಬಿ ನೋಡಾಕತ್ತೀರೇನು ಖಾಲಾ? ಪರದೆ ಸ್ಟೋರ್ ರೂಮಿನ್ಯಾಗ ಅದಾವು. ತಪಾಸಣಿ ದಿನ ಬರ್ತಾವು. ಅವಕ್ಕ ಅದೊಂದ ಹಬ್ಬ."

ಬೆಳಿಗ್ಗೆ ದೊಡ್ಡ ಡಾಕ್ಟರು ಬಂದರು. ಹಿಂದೆ ಬೆಳ್ಳಕ್ಕಿಯ ಹಿಂಡಿನ ಹಾಗೆ ವಿದ್ಯಾರ್ಥಿಗಳು. ಡಾಕ್ಟರ ಬಗ್ಗೆ ಸುಳ್ಳು ಹೇಳಬಾರದು, ಅವರ ಕೈಗುಣ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಿದ್ದರು. ಅವರ ಕಣ್ಣು ಮಾತ್ರ ಹೊಟ್ಟೆಯಿಂದ ಮೇಲಕ್ಕೆ ಏರುತ್ತಿರಲಿಲ್ಲ. ಜರೀನಾಳ ಹೊಟ್ಟೆಯ ಮೇಲೆ ಹುಡುಗರ ಕೈ ಒಂದರ ಮೇಲೊಂದು ಬಿದ್ದವು.

"ಸಾವಕಾಶ," ಎಂದಳು ಜರೀನಾ, "ಕಲ್ಲಂಗಡಿ ಅಲ್ರಿ ಅದು, ಬಡದು ನೋಡಾಕ."

ಹುಡುಗರು ನಕ್ಕರು. ಕೈ ತೆಗೆಯಲಿಲ್ಲ. ಆಮೇಲೆ ಹಿಂಡು ನಮ್ಮ ಕಡೆ ತಿರುಗಿತು.

"ಹನ್ನೊಂದನೇ ಬೆಡ್. ಬೀಪಿ ಕೇಸು," ಎಂದರು ಡಾಕ್ಟರು. "ಎಲ್ಲರೂ ಒಬ್ಬೊಬ್ಬರಾಗಿ ನೋಡಿ. ಹೊಟ್ಟೆ ನೋಡಿ, ಒಳಗೂ ನೋಡಿ."

ಮಹೇಶ್ವರಿ ಚಾದರವನ್ನು ಗಲ್ಲದವರೆಗೆ ಎಳೆದು ಎರಡೂ ಕೈಯಲ್ಲಿ ಹಿಡಿದಳು. ಅವಳು ನನ್ನ ಮುಖ ನೋಡಿದಳು.

ಬೇಡ ಎಂದರೆ ಬೈಯುತ್ತಾರೆ. ಶಾಸ್ತ್ರ ಎಂದರೆ ಓದಿದವರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಹೊಸ ಕಾರಿಗೂ ನಿಂಬೆಹಣ್ಣು ಕಟ್ಟುವ ಜನ ನಾವು. ನಾನು ಎದ್ದು ನಿಂತು ಕೈ ಮುಗಿದೆ.

"ತಪ್ಪು ತಿಳಕೋಬ್ಯಾಡ್ರಿ ಸಾಹೇಬರ. ಇವರೆಲ್ಲ ಖಾಲಿ ಕೈಲೆ ಬಂದಾರಲ್ರಿ."

"ಅಂದ್ರೆ?"

"ನಮ್ಮ ಕಡಿ ಬಸುರೀನ ನೋಡಾಕ ಬಂದವರು ಖಾಲಿ ಕೈಲೆ ಬರಬಾರದ್ರಿ. ಅಕಿಗೆ ಏನ್ ಬಯಕಿ ಐತಿ ಅಂತ ಕೇಳಿ, ಒಂದ್ ಚೂರ ಅದನ್ನ ತಂದು ಕೈಯಾಗ ಇಟ್ಟು ಆಮ್ಯಾಲೆ ಮುಟ್ಟಬೇಕು. ಇಲ್ಲಂದ್ರ ಕೂಸಿಗೆ ಸಲ್ಲಂಗಿಲ್ಲ."

ಖಾಲಿ ಕೈಲೆ ಬರಬಾರದೆಂಬುದು ನಮ್ಮ ಮನೆಮನೆಯ ಪದ್ಧತಿ. ಮುಟ್ಟಬಾರದು ಎಂಬ ಬಾಲವನ್ನು ಮಾತ್ರ ನಾನು ಅಲ್ಲೇ ನಿಂತು ಸೇರಿಸಿದ್ದು.

ಜರೀನಾ ಕೂಡಲೇ ಬೆಂಬಲಕ್ಕೆ ಬಂದಳು. "ಖರೇ ಐತ್ರಿ ಡಾಕ್ಟರ್ ಸಾಬ್. ನಮ್ಮ ಮಂದ್ಯಾಗೂ ಹಂಗ ಐತಿ. ನಾನ್ ನಾಚಿಕ್ಯಾಗ ಹೇಳಲಿಲ್ಲ."

ಜರೀನಾಳಿಗೂ ನಾಚಿಕೆಗೂ ಪರಿಚಯ ಇದ್ದ ಹಾಗೆ ಕಾಣಲಿಲ್ಲ. ಆಚೆ ಹಾಸಿಗೆಗಳಿಂದ "ಹೌದ್ರಿ, ಹೌದ್ರಿ" ಎಂಬ ದನಿಗಳು ಎದ್ದವು. ಡಾಕ್ಟರಿಗೆ ಎಲ್ಲೋ ಸಭೆ ಇತ್ತು. ಗಡಿಯಾರ ನೋಡಿಕೊಂಡು ನಕ್ಕರು.

"ಆಯ್ತಮ್ಮ, ನಿಮ್ಮ ಶಾಸ್ತ್ರ ಮುಗಿಸಿಕೊಳ್ಳಿ. ನಾಳೆ ನೋಡ್ತಾರೆ. ಏನ್ರೋ, ಇವ್ರಿಗೆ ಏನ್ ಬೇಕೋ ಕೇಳಿ."

ಹಿಂಡು ಹೋಯಿತು. ಆಮೇಲೆ ಎಲ್ಲ ಹಾಸಿಗೆಗಳೂ ಒಟ್ಟಿಗೆ ನಕ್ಕವು. ಕಟ್ಟಕಡೆಯ ಹಾಸಿಗೆಯ ದೇವರಗುಡ್ಡದ ಕಡೆಯ ಹೆಣ್ಣುಮಗಳು ನಗು ತಡೆಯಲಾರದೆ ಸೊಂಟ ಹಿಡಿದುಕೊಂಡಳು. "ನಗಸಬ್ಯಾಡ್ರೆ, ಇಲ್ಲೇ ಹಡದೇನು."

ಊಟದ ಹೊತ್ತಿಗೆ ಅದು ವಾರ್ಡಿನ ಕಾನೂನಾಗಿತ್ತು. ಒಬ್ಬೊಬ್ಬರು ಒಂದೊಂದು ಕಲಮು ಸೇರಿಸಿದರು. ಉಗುರು ಬೆಳೆಸಿದವರು ಹತ್ತಿರ ಬರಬಾರದು. ಕೈ ತಣ್ಣಗಿದ್ದರೆ ತಿಕ್ಕಿ ಬೆಚ್ಚಗೆ ಮಾಡಿಕೊಳ್ಳಬೇಕು. ಕುಂತು ಮಾತಾಡಬೇಕು. ಒಳಗೆ ಕೈ ಹಾಕಿ ನೋಡುವುದು ಬಸುರಿ ಹೂಂ ಅಂದರೆ ಮಾತ್ರ, ಅದೂ ಒಬ್ಬರೇ.

"ಹೆಸರ ಹೇಳಬೇಕು ಮೊದಲ," ಎಂದಳು ಮಹೇಶ್ವರಿ. ವಾರ್ಡಿಗೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು. "ಅವರದೂ ಹೇಳಬೇಕು, ನಮ್ಮದೂ ಕೇಳಬೇಕು."

*

ಮರುದಿನ ಹುಡುಗರು ಹೆದರಿಕೊಂಡು ಬಂದರು. ಪರೀಕ್ಷೆಗೆ ಹೋಗುವವರ ಮುಖ. ಒಬ್ಬ ಕ್ರೀಮ್ ಬಿಸ್ಕಿಟ್ ತಂದಿದ್ದ. ಒಬ್ಬಳು ಚಾಕಲೇಟು. ದೇವರಗುಡ್ಡದ ಹುಡುಗ ಕನಕರಾಜ ಈ ಸೀಮೆಯವನೇ, ಬಸುರಿಯರ ಬಯಕೆ ಬಲ್ಲವನು ಆದ್ದರಿಂದ ಹಾಸ್ಟೆಲಿನಲ್ಲಿ ಬಚ್ಚಿಟ್ಟಿದ್ದ ತಾಯಿಯ ನಿಂಬೆಕಾಯಿ ಉಪ್ಪಿನಕಾಯಿಯ ಡಬ್ಬಿಯನ್ನೇ ತಂದಿದ್ದ. ಅವನು ಜರೀನಾಳ ಹತ್ತಿರ ಸ್ಟೂಲು ಎಳೆದು ಕೂತ.

"ನನ್ನ ಹೆಸರು ಕನಕರಾಜ ರೀ. ನಿಮ್ಮ ಹೆಸರೇನ್ರಿ?"

"ಜರೀನಾ."

"ಏನ್ ಬಯಕಿ ಆಗೇತ್ರಿ ಅಕ್ಕಾ?"

"ಗಡ್ಡ ಬೋಳಿಸಿದ ಡಾಕ್ಟರ ಮುಖ ನೋಡಬೇಕಂತ ಭಾಳ ಬಯಕಿ ಆಗೇತಪಾ."

ವಾರ್ಡು ಹೋ ಎಂದಿತು. ಕನಕರಾಜ ಗಡ್ಡ ಸವರಿಕೊಂಡು ಡಬ್ಬಿ ಮುಂದೆ ಇಟ್ಟ. ಜರೀನಾ ಒಂದು ಹೋಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

"ನಿಮ್ಮವ್ವಗ ನನ್ನ ಸಲಾಂ ಹೇಳು. ಹೂಂ, ಈಗ ಮುಟ್ಟು. ಮೊದಲ ಕೈ ತಿಕ್ಕೋ. ನೋಡು, ಇಲ್ಲಿ ಒದಿತೈತಿ ದಿನಾ."

ಕನಕರಾಜ ಒದೆಯುವ ಕಡೆ ಕೈ ಇಟ್ಟ, ಎದುರು ಕಡೆ ಬೆನ್ನು ಹುಡುಕಿದ, ಕೆಳಗೆ ತಲೆ ಹುಡುಕಿದ. ಸಿಕ್ಕಿತು. ಹುಡುಗನ ಮುಖ ಹಣತೆ ಹಚ್ಚಿದ ಹಾಗೆ ಆಯಿತು. "ಸಿಕ್ತ್ರಿ ಅಕ್ಕಾ, ತಲಿ ಸಿಕ್ತ್ರಿ," ಎಂದ. ಮೊದಲ ದಿನ ಎಲ್ಲರ ಕೈಗಳ ನಡುವೆ ಅವನ ಕೈಗೆ ಏನೂ ಸಿಕ್ಕಿರಲಿಲ್ಲವಂತೆ. ಅವನೇ ಹೇಳಿದ.

ನಮ್ಮ ಹಾಸಿಗೆಗೆ ಬಂದವಳು ಮಂಡ್ಯದ ಕಡೆಯ ಹುಡುಗಿ. ತೆಳ್ಳಗೆ, ಕನ್ನಡಕ, ಕೈಯಲ್ಲಿ ಒಂದು ಪೇರಲಹಣ್ಣು. ಮಹೇಶ್ವರಿ ಗೋಡೆಗೆ ಮುಖ ಹಾಕಿ ಮಲಗಿದ್ದಳು.

"ನಾನು ರೋಹಿಣಿ ಅಂತ. ನಿಮ್ ಹೆಸ್ರು?"

ಮಹೇಶ್ವರಿ ಚಾದರವನ್ನು ಕಿವಿಯವರೆಗೆ ಎಳೆದುಕೊಂಡಳು.

"ಮಹೇಶ್ವರಿ ಅಂತ," ಎಂದೆ ನಾನು.

ಹುಡುಗಿ ಬಲವಂತ ಮಾಡಲಿಲ್ಲ. ಸ್ಟೂಲಿನ ಮೇಲೆ ಕೂತಳು. ಕೂತೇ ಇದ್ದಳು. ಅವಳ ಗೆಳತಿಯರು ಮುಂದಿನ ಹಾಸಿಗೆಗೆ ಹೋದರೂ ಏಳಲಿಲ್ಲ.

"ಮಹೇಶ್ವರಿ ಅಕ್ಕ, ನಾನು ಮುಟ್ಟಕ್ಕೆ ಬಂದಿಲ್ಲ," ಎಂದಳು ಕೊನೆಗೆ. "ಏನು ತಿನ್ಬೇಕು ಅನ್ಸುತ್ತೆ, ಅಷ್ಟೇ ಹೇಳಿ. ತರ್ತೀನಿ, ಹೋಗ್ತೀನಿ."

ಮಹೇಶ್ವರಿ ಗೋಡೆಗೇ ಹೇಳಿದಳು. "ಏನೂ ಸೇರವಲ್ದು. ತಲಿ ಸಿಡಿಯಾಕತ್ತೈತಿ. ಎದಿಗೂಡಿನ ಕೆಳಗ ಯಾರೋ ಹಿಡದು ಹಿಂಡಿದಂಗ ಆಗಾಕತ್ತೈತಿ. ಕಣ್ಣ ಮುಂದ ಮಿಂಚುಹುಳ ಹಾರತಾವು. ಹಗಲಾಗ."

ರೋಹಿಣಿ ಸ್ಟೂಲಿನಿಂದ ಎದ್ದೇಬಿಟ್ಟಳು. "ಯಾವಾಗ್ನಿಂದ?"

"ನಿನ್ನಿಯಿಂದ."

"ಯಾರಿಗಾದ್ರೂ ಹೇಳಿದ್ರಾ?"

ಈಗ ಮಹೇಶ್ವರಿ ಹೊರಳಿ ಅವಳ ಮುಖ ನೋಡಿದಳು. "ಯಾರ ಕೇಳಿದ್ರು?"

ಪೇರಲಹಣ್ಣು ಮಂಚದ ಕೆಳಗೆ ಉರುಳಿತು. ಹುಡುಗಿ ಓಡಿದಳು. ಪುಸ್ತಕದಲ್ಲಿ ಓದಿದ್ದನ್ನು ಅವಳು ಸರಿಯಾಗಿಯೇ ಓದಿದ್ದಳು. ನರ್ಸು ಬಂದು ತೋಳಿಗೆ ಪಟ್ಟಿ ಸುತ್ತಿದಳು, ಇನ್ನೊಮ್ಮೆ ಸುತ್ತಿದಳು. ದೊಡ್ಡ ಡಾಕ್ಟರು ಚಹಾದ ಲೋಟ ಅರ್ಧಕ್ಕೆ ಬಿಟ್ಟು ಬಂದರು. ಇನ್ನು ಸ್ವಲ್ಪ ತಡವಾಗಿದ್ದರೆ ಫಿಟ್ಸ್ ಬರುತ್ತಿತ್ತು, ತಾಯಿ ಕೂಸು ಎರಡಕ್ಕೂ ಅಪಾಯವಿತ್ತು ಎಂದರು. ಸೂಜಿ ಹಾಕಿದರು.

"ಚಿಗವ್ವಾ," ಎಂದಳು ಮಹೇಶ್ವರಿ, "ಮೈ ತುಂಬ ಮೆಣಸಿನಕಾಯಿ ಓಡಾಡಿದಂಗ ಆಗಾಕತ್ತೈತಿ."

"ಆ ಔಷಧಿ ಹಂಗೇ ಬಿಸಿ ಮಾಡುತ್ತೆ ಅಕ್ಕ," ಎಂದಳು ರೋಹಿಣಿ. "ಹೆದ್ರಬೇಡಿ, ಒಳ್ಳೇದಕ್ಕೇ."

"ಮೆಣಸಿನಕಾಯಿಗೆ ನಾ ಯಾಕ ಹೆದರಲಿ?" ಎಂದು ಮಹೇಶ್ವರಿ ಸಣ್ಣಗೆ ನಕ್ಕಳು.

ಡಾಕ್ಟರು ನನ್ನ ಕಡೆ ತಿರುಗಿದರು. "ನೋಡಿದ್ರಾ? ನಿನ್ನೆ ಶಾಸ್ತ್ರ ಅಂತ ಅಡ್ಡ ಬಂದಿರಿ. ನೋಡೋಕೆ ಬಿಟ್ಟಿದ್ರೆ ನಿನ್ನೆನೇ ಗೊತ್ತಾಗ್ತಿತ್ತು."

"ನಿನ್ನಿ ನೀವೆಲ್ಲ ಹೊಟ್ಟಿ ನೋಡಾಕ ಬಂದಿದ್ರಿ ಸಾಹೇಬರ," ಎಂದೆ. "ಮಿಂಚುಹುಳ ಹೊಟ್ಯಾಗ ಇರಲಿಲ್ಲ."

ಅವರು ಬೀಪಿಯ ಯಂತ್ರದ ಕಡೆ ನೋಡಿದರು.

*

ಬೇನೆ ಬರಿಸಿ ಅಂದೇ ಹೆರಿಗೆ ಮಾಡಿಸಬೇಕು ಎಂದಾಯಿತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಮಹೇಶ್ವರಿಯ ಬೇನೆ ಬಲವಾಯಿತು. ಹೆರಿಗೆ ಕೋಣೆಯಲ್ಲಿ ನಾನು ತಲೆಯ ಹತ್ತಿರ, ರೋಹಿಣಿ ಕೈ ಹಿಡಿದುಕೊಂಡು. ನನ್ನನ್ನು ಹೊರಗೆ ಹೋಗೆಂದು ನರ್ಸು ಎರಡು ಸಲ ಹೇಳಿದ್ದಳು. ನನಗೆ ಬೇಕಾದಾಗ ಕಿವಿ ಮಂದ.

ಅಷ್ಟರಲ್ಲಿ ಬಾಗಿಲು ತೆರೆಯಿತು. ದೊಡ್ಡ ಡಾಕ್ಟರು ಇಡೀ ಹಿಂಡನ್ನು ಕರೆದುಕೊಂಡು ಬಂದಿದ್ದರು.

"ಬನ್ನಿ, ಎಲ್ಲರೂ ಬನ್ನಿ. ಇಂಥ ಒಳ್ಳೇ ಕೇಸು ಯಾವಾಗಲೂ ಸಿಗಲ್ಲ. ಗ್ಲೌಸ್ ಹಾಕ್ಕೊಳ್ಳಿ. ಎಷ್ಟು ತೆರೆದಿದೆ ಅಂತ ಒಬ್ಬೊಬ್ಬರಾಗಿ ನೋಡಿ ಹೇಳಿ."

ಮಹೇಶ್ವರಿಯ ಮೊಣಕಾಲು ಕೂಡಿಕೊಂಡವು. ಅವಳ ಮುಖದಲ್ಲಿ ಮೂರು ವರ್ಷದ ಹಿಂದಿನ ಆ ಪಾಳಿ ಮತ್ತೆ ನಿಂತದ್ದನ್ನು ನಾನು ಕಂಡೆ. ನಾನು ಬಾಯಿ ತೆರೆಯುವ ಮೊದಲೇ ಅವಳೇ ಮಾತಾಡಿದಳು. ಬೇನೆಯ ನಡುವಿನ ಸಂದಿಯಲ್ಲಿ, ಒಂದೊಂದೇ ಮಾತು.

"ರೋಹಿಣಿ ಇರಲಿ. ಚಿಗವ್ವ ಇರಲಿ. ನರ್ಸಮ್ಮ ಇರಲಿ. ನೀವೂ ಇರ್ರಿ ಸಾಹೇಬರ, ನಿಮ್ಮ ಕೈ ನನಗ ಬೇಕು. ಉಳಿದವರು ಬ್ಯಾಡ್ರಿ."

"ಏನಮ್ಮ ಇದು? ಪುಕ್ಕಟೆ ಬೆಡ್ಡಿಗೆ ಬಂದು ಯಾರು ಇರಬೇಕು ಯಾರು ಬೇಡ ಅಂತ ನೀನು ಹೇಳ್ತೀಯಾ?"

"ಮೈ ನನ್ನದ್ರಿ."

"ಹಾಗಾದ್ರೆ ಹುಬ್ಬಳ್ಳಿಗೆ ಬರೆದು ಕೊಡ್ತೀನಿ. ಹೋಗ್ತೀಯಾ?"

"ಸರ್," ಎಂದಳು ರೋಹಿಣಿ. ಮಹೇಶ್ವರಿಯ ಕೈ ಬಿಡಲಿಲ್ಲ. "ಈ ಸ್ಥಿತೀಲಿ ಕಳಿಸೋಕಾಗಲ್ಲ ಸರ್. ನೀವೇ ಪಾಠದಲ್ಲಿ ಹೇಳಿದ್ರಿ."

"ನೀನು ಸುಮ್ನಿರು."

ನಾನು ಹೊರಗೆ ಬಂದೆ. ಓಡಲಿಲ್ಲ, ಓಡುವ ವಯಸ್ಸಲ್ಲ. ವಾರ್ಡಿನ ಬಾಗಿಲಲ್ಲಿ ನಿಂತು ಹೇಳಿದೆ.

"ಮಹೇಶ್ವರೀನ ಹುಬ್ಬಳ್ಳಿಗೆ ಕಳಸ್ತಾರಂತ. ಎಲ್ಲಾರೂ ಕೈ ಹಾಕಾಕ ಬ್ಯಾಡ ಅಂದಾಳ, ಅದಕ್ಕ."

ಜರೀನಾ ಮಂಚದಿಂದ ಇಳಿದು ಚಪ್ಪಲಿ ಹುಡುಕಿದಳು. ಕೈಚೀಲಕ್ಕೆ ಸೀರೆ ತುಂಬಿದಳು, ತಟ್ಟೆ ತುಂಬಿದಳು, ಕನಕರಾಜನ ಉಪ್ಪಿನಕಾಯಿ ಡಬ್ಬಿಯನ್ನು ಮರೆಯದೆ ತುಂಬಿದಳು. "ಏಳ್ರೆ," ಎಂದಳು. "ಇವರಿಗೆ ಪೇಷಂಟ್ ಬ್ಯಾಡಾಗ್ಯಾರ."

ಒಂದೊಂದೇ ಮಂಚ ಕಿರುಗುಟ್ಟಿತು. ಬಸುರಿಯರು ಸೊಂಟದ ಮೇಲೆ ಕೈ ಇಟ್ಟು, ಗಂಟು ಹಿಡಿದು, ಹೆರಿಗೆ ಕೋಣೆಯ ಎದುರಿನ ಉದ್ದ ಓಣಿಗೆ ಬಂದು ನಿಂತರು. ಹೊಟ್ಟೆಗಳ ಮೆರವಣಿಗೆ. ಘೋಷಣೆ ಇಲ್ಲ, ಬಾವುಟ ಇಲ್ಲ. ದೇವರಗುಡ್ಡದ ಹೆಣ್ಣುಮಗಳು ನಿಲ್ಲಲಾಗದೆ ತನ್ನ ಗಂಟಿನ ಮೇಲೇ ಕೂತಳು.

ಜರೀನಾ ಕಿಟಕಿಯಿಂದ ಅಂಗಳಕ್ಕೆ ಕೂಗಿದಳು. "ಜಟ್ಟೆಪ್ಪಣ್ಣಾ, ವ್ಯಾನ್ ಹಚ್ಚು. ನಾವೆಲ್ಲ ಊರಿಗೆ ಹೊಂಟೇವಿ."

ಜಟ್ಟೆಪ್ಪ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ಓಣಿ ನೋಡಿ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ.

"ಏನಾತ್ರೆ ಯವ್ವಾ? ನಾಡಿದ್ದ ತಪಾಸಣಿ ಐತಿ. ನನ್ನ ನೌಕರಿ ತಗೀತೀರೇನು?"

"ನಿನ್ನ ನೌಕರಿಗೆ ಏನಾಗಂಗಿಲ್ಲ," ಎಂದೆ. "ಒಳಗ ಹೋಗಿ ಸಾಹೇಬರಿಗೆ ಇಷ್ಟ ಹೇಳು. ಹಾಸಿಗಿ ಖಾಲಿ ಆಗ್ಯಾವು ಅಂತ."

ಜಟ್ಟೆಪ್ಪ ಬಾಗಿಲನ್ನು ಅರ್ಧ ತೆರೆದು, ಒಳಗೆ ನೋಡಬಾರದೆಂದು ಮುಖ ಇತ್ತ ತಿರುಗಿಸಿಕೊಂಡು, ನಮ್ಮನ್ನೇ ನೋಡುತ್ತ ಒಳಗಿನವರಿಗೆ ಹೇಳಿದ. "ಸರ್, ಪೇಷಂಟ್ ಎಲ್ಲಾ ಹೊಂಟಾರ್ರಿ. ಎಲ್ಲಾ ಅಂದ್ರ ಎಲ್ಲಾ."

ದೊಡ್ಡ ಡಾಕ್ಟರು ಬಾಗಿಲಿಗೆ ಬಂದರು. ಮೊದಲ ಸಲ ಅವರ ಕಣ್ಣು ಹೊಟ್ಟೆಗಳನ್ನು ದಾಟಿ ಮುಖಗಳಿಗೆ ಏರಿತು. ಒಂದೊಂದಾಗಿ ನೋಡಿದರು. ಯಾವ ಮುಖವೂ ಕೆಳಗೆ ಬಾಗಲಿಲ್ಲ. ಜರೀನಾ ನಗುತ್ತಲೇ ಇದ್ದಳು. ಅದೇ ಅವರಿಗೆ ಹೆಚ್ಚು ತೊಂದರೆ ಕೊಟ್ಟಿರಬೇಕು.

ಆಗ ಒಳಗಿನಿಂದ ಕನಕರಾಜ ಬಂದ. ಗ್ಲೌಸು ಕಳಚಿ ಕಿಸೆಗೆ ತುರುಕಿದ. "ಸರ್, ನಾವ್ ಹೊರಗಿರ್ತೇವ್ರಿ. ಅವರು ಬ್ಯಾಡ ಅಂದಾರ." ಬಂದವನು ಸೀದಾ ಜರೀನಾಳ ಕೈಯ ಚೀಲ ಇಸಿದುಕೊಂಡ. ಅವನ ಹಿಂದೆ ಇನ್ನೊಬ್ಬಳು ಬಂದಳು. ಆಮೇಲೆ ಉಳಿದವರು. ಹಿಂಡು ಹೊರಗಾಯಿತು.

ಡಾಕ್ಟರು ಹೊಸ ಗ್ಲೌಸು ತೊಟ್ಟು ಒಳಗೆ ಹೋದರು. ನಾನೂ ಅವರ ಹಿಂದೆಯೇ ನುಗ್ಗಿದೆ. ಈ ಸಲ ನರ್ಸು ಬೇಡ ಎನ್ನಲಿಲ್ಲ.

ಹೊರಗೆ ಬಸುರಿಯರು ಗಂಟುಗಳ ಮೇಲೆ ಕೂತೇ ಕಾದರು. ಹುಡುಗರು ನೀರು ತಂದು ಕೊಟ್ಟರಂತೆ. ಸೋಮಣ್ಣ ಬುತ್ತಿ ಹಿಡಿದು ಬಂದವನು, ಇಷ್ಟು ಜನ ನೆಲದ ಮೇಲೆ ಕೂತದ್ದು ಕಂಡು ತನ್ನ ಹೆಂಡತಿಗೆ ಏನೋ ಆಗಿದೆ ಎಂದು ಅಲ್ಲೇ ಗೋಡೆಗೆ ಒರಗಿದನಂತೆ. ಜರೀನಾ ಬೈದಳಂತೆ. "ಅಳಬ್ಯಾಡೋ ಮಾರಾಯಾ, ಬುತ್ತಿ ಬಿಚ್ಚು. ಏನ್ ತಂದೀದಿ?"

ಕೂಸು ಹುಟ್ಟಿತು. ಹೆಣ್ಣು. ಸಣ್ಣದು, ಆದರೆ ದನಿ ಗೋದಾಮಿನ ಮಾಲೀಕರದಕ್ಕಿಂತ ಜೋರು. ಬಾಗಿಲ ಆಚೆ ಓಣಿಯೂ ಕೂಗಿತು. ರೋಹಿಣಿ ಕೂಸನ್ನು ಒರೆಸುತ್ತ ತನ್ನ ಕನ್ನಡಕವನ್ನೂ ಒರೆಸಿಕೊಂಡಳು. ಅದೇ ಬಟ್ಟೆಯಿಂದ ಒರೆಸಿಕೊಂಡದ್ದಕ್ಕೆ ನರ್ಸು ಬೈದಳು.

*

ತಪಾಸಣೆಯ ದಿನ ಪರದೆಗಳು ಬಂದವು. ನೀಲಿ ಬಣ್ಣ, ಮಡಿಕೆ ಮುರಿದಿರಲಿಲ್ಲ. ಬಂದವರು ವಾರ್ಡಿನಲ್ಲಿ ಒಂದು ಸುತ್ತು ಹಾಕಿದರು. ಪರದೆ ಎಳೆದು ನೋಡಿ ತಲೆಯಾಡಿಸಿದರು, ಹಾಸಿಗೆ ನೋಡಿದರು, ಹೋದರು. ಅವರ ಕಾರು ಹೆದ್ದಾರಿ ಮುಟ್ಟಿತೋ ಇಲ್ಲವೋ, ಇಬ್ಬರು ಆಳುಗಳು ಏಣಿ ತಂದು ಪರದೆ ಬಿಚ್ಚತೊಡಗಿದರು.

"ಯಾಕ್ರೋ?" ಎಂದಳು ಜರೀನಾ. ಅವಳಿಗೆ ಇನ್ನೂ ಹೆರಿಗೆ ಆಗಿರಲಿಲ್ಲ.

"ಸ್ಟೋರಿಗೆ ಹೋಗ್ಬೇಕ್ರಿ. ಹೊಲಸಾಗ್ತಾವಂತ."

"ನಾವ್ ಹೊಲಸಾದರ ನಡಿತೈತಿ," ಎಂದಳು ಜರೀನಾ. "ಪರದೆ ಹೊಲಸಾಗಬಾರದು."

ಆಳುಗಳ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ, ಅವರೂ ನಮ್ಮಂಥವರೇ. ಅವರು ಒಂದು ಪರದೆ ಬಿಚ್ಚಿದಲ್ಲಿ ನಾವು ಒಂದು ಸೀರೆ ಕಟ್ಟಿದೆವು. ಗೋದಾಮಿನ ಅಂಗಳದಲ್ಲಿ ಮಳೆಗೆ ತಾಡಪತ್ರಿ ಬಿಗಿದ ಕೈ ನಮ್ಮದು, ಗಂಟು ಬಿಚ್ಚಬೇಕೆಂದರೆ ನಮ್ಮನ್ನೇ ಕರೆಯಬೇಕು. ಕೆಂಪು, ಹಳದಿ, ಹೂವಿನದು, ಗೆರೆಯದು. ಸಂಜೆಯ ಹೊತ್ತಿಗೆ ವಾರ್ಡು ಬಟ್ಟೆ ಅಂಗಡಿಯಾಯಿತು. ಸೀರೆ ಕಡಿಮೆ ಬಿದ್ದಲ್ಲಿ ರೋಹಿಣಿ ತನ್ನ ದುಪ್ಪಟ್ಟಾ ಕೊಟ್ಟಳು. ಒಬ್ಬ ಆಳು ಏಣಿ ಒಯ್ಯದೆ ಅಲ್ಲೇ ಬಿಟ್ಟು ಹೋದ.

ಮಹೇಶ್ವರಿ ದಿಂಬಿಗೆ ಒರಗಿ ಕೂತಿದ್ದಳು. ಕೂಸು ಮೊಲೆ ಕಚ್ಚಿತ್ತು. ಕಾಲಿನ ಬಾವು ಇಳಿದಿತ್ತು. ಹುಡುಗರು ಬಾಗಿಲಲ್ಲೇ ನಿಂತು ಇಣುಕುತ್ತಿದ್ದರು. ಒಳಗೆ ಬರಬೇಕೋ ಬೇಡವೋ ಎಂಬ ಸಂಶಯ.

"ರೋಹಿಣಿ," ಎಂದಳು ಅವಳು, "ಬಾಣಂತಿ ಹೊಟ್ಟಿ ನೋಡಿ ಕಲಿಯೋದು ಏನಾರ ಇರ್ತೈತೇನು?"

"ಇರುತ್ತೆ ಅಕ್ಕ. ಗರ್ಭಚೀಲ ಗಟ್ಟಿಯಾಗಿ ಕೆಳಗೆ ಇಳಿದಿದೆಯಾ ಅಂತ ಮುಟ್ಟಿ ನೋಡ್ಬೇಕು. ಅದು ಮೆತ್ತಗಿದ್ರೆ ರಕ್ತ ಹೋಗುತ್ತೆ. ತುಂಬ ಮುಖ್ಯ ಅದು."

"ಮತ್ತ ಅವರಿಗೆ ಗೊತ್ತಾಗಬೇಕಲ್ಲ. ನಾಳೆ ನನ್ನಂಥಾಕಿ ಯಾರೋ ಇವರ ಕೈಯಾಗ ಹಡೀತಾಳ. ಕರಿ ಅವರನ್ನ."

ನಾನು ಅವಳ ಮುಖ ನೋಡಿದೆ. "ಖರೇನ? ಎಲ್ಲಾರನ್ನೂ?"

"ಎಲ್ಲಾರನ್ನೂ, ಚಿಗವ್ವಾ. ಆದರ ಒಬ್ಬೊಬ್ಬರ. ನಾನ್ ಕರದಾಗ."

ಅವಳು ಕೂಸನ್ನು ನನ್ನ ಕೈಗೆ ಕೊಟ್ಟು, ಕೈ ಚಾಚಿ ಸೀರೆಯ ಪರದೆಯನ್ನು ತಾನೇ ಎಳೆದುಕೊಂಡಳು. ಕನಕರಾಜ ಮೊದಲು ಬಂದ. ಕೈ ತಿಕ್ಕಿಕೊಂಡೇ ಬಂದ. "ಇಲ್ಲಿ ಒತ್ತು. ಸಾವಕಾಶ. ಗಟ್ಟಿ ಹತ್ತಿತೇನು? ಹೂಂ, ಅದ," ಎಂದು ಮಹೇಶ್ವರಿ ಹೇಳುತ್ತಿದ್ದಳು. ಅವನು ಹೋದ ಮೇಲೆ ಇನ್ನೊಬ್ಬಳು. ಹೋಗುವಾಗ ಎಲ್ಲರೂ ಅವಳ ಹೆಸರು ಹಿಡಿದು ಬರ್ತೇವ್ರಿ ಎಂದು ಹೇಳಿ ಹೋದರು. ಒಬ್ಬ ಕೂಸಿಗೂ ಹೇಳಿದ.

ಆಗ ಓಣಿಯಲ್ಲಿ ಬೂಟಿನ ಸದ್ದು ಕೇಳಿತು. ನಮಗೆಲ್ಲ ಗೊತ್ತಿರುವ ನಡಿಗೆ. ಬೂಟು ಸೀರೆಗಳ ನಡುವೆ ನಡೆದ ಹಾಗೆ ನಿಧಾನವಾಯಿತು, ಹನ್ನೊಂದನೇ ಹಾಸಿಗೆಯ ಹತ್ತಿರ ಬಂದು ನಿಂತಿತು. ಸೀರೆಯ ಸೆರಗಿನ ಕೆಳಗೆ ಕಪ್ಪು ಬೂಟಿನ ತುದಿ ಕಾಣುತ್ತಿತ್ತು. ದೊಡ್ಡ ಡಾಕ್ಟರ ಬೆರಳು ಸೀರೆಯ ಅಂಚು ಹಿಡಿಯಿತು. ಎಳೆಯಲಿಲ್ಲ. ಹಿಡಿದೇ ಇತ್ತು.

ಒಳಗೆ ಮಹೇಶ್ವರಿ ಹೊಟ್ಟೆಯ ಮೇಲಿದ್ದ ವಿದ್ಯಾರ್ಥಿನಿಯ ಕೈ ಸರಿಸಲಿಲ್ಲ. ಗಾಬರಿಯಿಂದ ಎದ್ದ ಆ ಹುಡುಗಿಯನ್ನು ಕಣ್ಣಲ್ಲೇ ಕೂರಿಸಿದಳು.

ಆಚೆ ಹಾಸಿಗೆಯಿಂದ ಜರೀನಾ ಹೇಳಿದಳು, ಬಹಳ ಮರ್ಯಾದೆಯಿಂದ ಹೇಳಿದಳು.

"ಸ್ಟೂಲ್ ಐತ್ರಿ ಡಾಕ್ಟರ್ ಸಾಬ್. ಕುಂದ್ರಿ. ನಿಮ್ಮ ಪಾಳಿ ಬಂದಾಗ ಕರೀತಾರ."

ಬೆರಳು ಸೀರೆಯ ಅಂಚು ಬಿಟ್ಟಿತು. ಆಮೇಲೆ ನೆಲದ ಮೇಲೆ ಸ್ಟೂಲು ಎಳೆದ ಸದ್ದು ಕೇಳಿಸಿತು.